ಮುಳುಗಿದ ನೆಲ, ಮೇಲೆದ್ದ ಹವಳ

ಭಾರತದ ದಕ್ಷಿಣದ ತುತ್ತತುದಿ ಯಾವುದು? ಶಾಲೆಗೆ ಹೋಗುವ ಮಕ್ಕಳನ್ನು ಕೇಳಿದರೂ ಸರಿ, ಅವರ ತಾತಂದಿರನ್ನು ಕೇಳಿದರೂ ಸರಿ, ‘ಕನ್ಯಾಕುಮಾರಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಮುಖ್ಯ ಭೂಭಾಗದ ಮಟ್ಟಿಗೆ ಈ ಉತ್ತರ ಸರಿಯೇ. ಆದರೆ ದೇಶದ ಗಡಿ ಅಲ್ಲಿಗೆ ಮುಗಿಯುವುದಿಲ್ಲ. ಬಂಗಾಳ ಕೊಲ್ಲಿಯ ಪೂರ್ವದ ಅಂಚಿನಲ್ಲಿ, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಮಾಲೆಯ ಕಟ್ಟಕಡೆಯ ಮಣಿಯಂತೆ, ಗ್ರೇಟ್ ನಿಕೋಬಾರ್ ಎಂಬ ದ್ವೀಪವಿದೆ. ಅದರ ದಕ್ಷಿಣದ ಮೂಗಿಗೆ ಇಂದಿರಾ ಪಾಯಿಂಟ್ ಎಂದು ಹೆಸರು. ಹಿಂದೆ ಅದನ್ನು ಪಿಗ್ಮೇಲಿಯನ್ ಪಾಯಿಂಟ್ ಎನ್ನುತ್ತಿದ್ದರು. ಅಲ್ಲಿಂದ ಇಂಡೊನೇಷ್ಯದ ಸುಮಾತ್ರ ಸುಮಾರು 150 ಕಿಲೋಮೀಟರು. ಚೆನ್ನೈಯಾದರೋ ಅದರ ಎಷ್ಟೋ ಪಟ್ಟು ದೂರ.

ಈ ತುದಿಯಲ್ಲಿ 1972ರಲ್ಲಿ ಒಂದು ದೀಪಸ್ತಂಭವನ್ನು ಕಟ್ಟಲಾಯಿತು. ಕಟ್ಟಿದವರು ಸಹಜವಾಗಿಯೇ ಅದನ್ನು ಒಣ ನೆಲದ ಮೇಲೆ ಕಟ್ಟಿದರು. ಸುತ್ತ ಕಾಡು, ಎದುರಿಗೆ ಮರಳಿನ ದಂಡೆ, ದಂಡೆಯಾಚೆ ಕಡಲು. 2004ರ ಡಿಸೆಂಬರ್ 26ರ ತರುವಾಯ ತೆಗೆದ ಚಿತ್ರಗಳನ್ನು ನೋಡಿದವರಿಗೆ ಬೇರೆಯೇ ದೃಶ್ಯ ಕಾಣುತ್ತದೆ. ಗೋಪುರ ನೆಟ್ಟಗೆ ನಿಂತಿದೆ. ಆದರೆ ಅದರ ಬುಡ ನೀರಿನಲ್ಲಿದೆ. ಕಡಲು ಉಕ್ಕಿ ಬಂದು ಹಾಗೆಯೇ ನಿಂತುಬಿಟ್ಟಿತೆಂದು ತಿಳಿಯಬಾರದು. ಉಕ್ಕಿದ ಕಡಲು ಅಂದೇ ಹಿಂದಕ್ಕೆ ಸರಿಯಿತು. ಕೆಳಗಿಳಿದದ್ದು ನೆಲ! ಕೆಲವೇ ನಿಮಿಷಗಳಲ್ಲಿ ಆ ಭೂಶಿರ ನಾಲ್ಕು ಮೀಟರಿಗೂ ಹೆಚ್ಚು, ಅಂದರೆ ಒಂದಂತಸ್ತಿನ ಮನೆಯಷ್ಟು, ಕುಸಿದುಹೋಯಿತು.

ಅದೇ ದಿನ, ಅಲ್ಲಿಂದ ಆರುನೂರು ಕಿಲೋಮೀಟರಿಗೂ ಹೆಚ್ಚು ಉತ್ತರದಲ್ಲಿ, ಇದಕ್ಕೆ ನೇರ ವಿರುದ್ಧವಾದ ಘಟನೆ ನಡೆಯಿತು. ಅಂಡಮಾನಿನ ವಾಯವ್ಯ ತೀರದ ದ್ವೀಪಗಳಲ್ಲಿ ಎಂದೂ ಬಿಸಿಲು ಕಾಣದಿದ್ದ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ನಿಂತವು. ಒಂದೆಡೆ ನೆಲ ಮುಳುಗಿತು, ಇನ್ನೊಂದೆಡೆ ಕಡಲತಳ ತಲೆಯೆತ್ತಿತು. ಎರಡಕ್ಕೂ ಕಾರಣ ಒಂದೇ. ಆ ಕಾರಣವನ್ನು ಅರಿಯಬೇಕಾದರೆ ನಾವು ನಿಂತ ನೆಲದ ವಿಚಾರವಾಗಿ ಕೊಂಚ ತಿಳಿದುಕೊಳ್ಳಬೇಕಾಗುತ್ತದೆ.

ನಗೆಗೀಡಾದ ಒಂದು ವಾದ

ಭೂಖಂಡಗಳು ಒಂದು ಕಾಲದಲ್ಲಿ ಕೂಡಿಕೊಂಡಿದ್ದು, ಆಮೇಲೆ ಒಡೆದು ದೂರ ಸರಿದವೆಂದು 1912ರಲ್ಲಿ ಸಾರಿದಾತ ಜರ್ಮನಿಯ ಆಲ್ಫ್ರೆಡ್ ವೆಗೆನರ್. ಆತ ಭೂವಿಜ್ಞಾನಿಯೂ ಅಲ್ಲ, ಹವಾಮಾನ ಶಾಸ್ತ್ರಜ್ಞ. ಅಟ್ಲಾಂಟಿಕ್ ಸಾಗರದ ಎರಡು ದಡಗಳು ಹರಿದ ಕಾಗದದ ಎರಡು ಚೂರುಗಳಂತೆ ಹೊಂದಿಕೊಳ್ಳುವುದನ್ನೂ, ನಡುವೆ ಮಹಾಸಾಗರವಿದ್ದರೂ ಎರಡು ದಡಗಳಲ್ಲಿ ಒಂದೇ ಬಗೆಯ ಪುರಾತನ ಜೀವಿಗಳ ಅವಶೇಷಗಳು ದೊರಕುವುದನ್ನೂ ಆತ ಎತ್ತಿ ತೋರಿಸಿದ. ‘ಇಷ್ಟು ದೊಡ್ಡ ಖಂಡಗಳನ್ನು ತಳ್ಳುವ ಶಕ್ತಿ ಯಾವುದಪ್ಪಾ?’ ಎಂದು ಪಂಡಿತರು ಕೇಳಿದರು. ಅದಕ್ಕೆ ಆತನಲ್ಲಿ ತಕ್ಕ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಂಶೋಧನೆಗೆ ಹೋಗಿದ್ದಾಗ ವೆಗೆನರ್ ಮರಣ ಹೊಂದಿದ. ಆತನ ವಾದವೂ ಆತನೊಡನೆಯೇ ಹೂತುಹೋದಂತೆ ತೋರಿತು.

ಎರಡನೆಯ ಮಹಾಯುದ್ಧದ ಬಳಿಕ ಸಾಗರತಳದ ಸಮೀಕ್ಷೆಗಳು ನಡೆದಾಗ ಪಂಡಿತರು ಕಣ್ಣುಜ್ಜಿಕೊಳ್ಳಬೇಕಾಯಿತು. ಸಾಗರಗಳ ನಡುವೆ ಸಾವಿರಾರು ಕಿಲೋಮೀಟರು ಉದ್ದದ ಪರ್ವತಸಾಲುಗಳಿದ್ದವು. ಅವುಗಳ ನೆತ್ತಿಯ ಬಿರುಕಿನಲ್ಲಿ ಕರಗಿದ ಶಿಲೆ ಮೇಲೆದ್ದು, ತಣಿದು, ಹೊಸ ಕಡಲತಳವಾಗಿ ಎರಡು ಬದಿಗೂ ಸರಿಯುತ್ತಿತ್ತು. 1962ರಲ್ಲಿ ಅಮೆರಿಕದ ಹ್ಯಾರಿ ಹೆಸ್ ಈ ವಿಚಾರವನ್ನು ಮಂಡಿಸಿದ. ಮರುವರ್ಷ ವೈನ್ ಮತ್ತು ಮ್ಯಾಥ್ಯೂಸ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಕಡಲತಳದ ಕಲ್ಲುಗಳಲ್ಲಿ ಅಚ್ಚೊತ್ತಿದ ಕಾಂತಗುಣವನ್ನು ಓದಿ, ಅದಕ್ಕೆ ಸಾಕ್ಷ್ಯವನ್ನೊದಗಿಸಿದರು. 1968ರ ಹೊತ್ತಿಗೆ ಸಿದ್ಧಾಂತ ತನ್ನ ರೂಪವನ್ನು ಪಡೆದಿತ್ತು. ಭೂಮಿಯ ಹೊರಚಿಪ್ಪು ಅಖಂಡವಾದುದಲ್ಲ. ಸುಮಾರು ನೂರು ಕಿಲೋಮೀಟರು ದಪ್ಪದ ಹತ್ತಾರು ಹಲಗೆಗಳಾಗಿ ಒಡೆದಿದೆ. ವಿಜ್ಞಾನಿಗಳು ಇವನ್ನು ಭೂಫಲಕಗಳೆನ್ನುತ್ತಾರೆ.

ಫಲಕಗಳು ಬೆಂಕಿಯ ಕಡಲಿನ ಮೇಲೆ ದೋಣಿಗಳಂತೆ ತೇಲುತ್ತವೆಂದು ಅನೇಕರು ಬರೆಯುವುದುಂಟು. ಓದಲು ಸೊಗಸಾಗಿದೆಯೇ ಹೊರತು ನಿಜವಲ್ಲ. ಕೆಳಗಿರುವುದೂ ಕಲ್ಲೇ, ಘನವಸ್ತುವೇ. ಆದರೆ ಆ ಬಿಸಿಯಲ್ಲಿ, ಆ ಒತ್ತಡದಲ್ಲಿ, ಚಳಿಗೆ ಗಟ್ಟಿಯಾದ ಜೋನಿಬೆಲ್ಲ ಅತಿ ನಿಧಾನವಾಗಿ ಇಳಿಯುವಂತೆ, ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಅದು ಹರಿಯುತ್ತದೆ. ಇನ್ನು ವೆಗೆನರನಿಗೆ ಹಾಕಿದ ಪ್ರಶ್ನೆ: ತಳ್ಳುವವರು ಯಾರು? ತಳ್ಳುವುದಕ್ಕಿಂತ ಎಳೆಯುವುದೇ ಹೆಚ್ಚೆಂಬುದು ಈಗಿನ ಅಭಿಪ್ರಾಯ. ಮಂಚದ ಮೇಲಿನ ಕಂಬಳಿಯ ಒಂದು ತುದಿ ಕೆಳಗೆ ಜೋತುಬಿದ್ದರೆ, ಅದರ ಭಾರಕ್ಕೆ ಉಳಿದ ಕಂಬಳಿಯೂ ಜಾರಿ ಬರುವುದನ್ನು ಕಂಡಿದ್ದೀರಿ. ತಣಿದು ಭಾರವಾದ ಫಲಕದ ಅಂಚು ಭೂಗರ್ಭಕ್ಕೆ ಇಳಿಯುತ್ತ ಉಳಿದ ಭಾಗವನ್ನು ತನ್ನೆಡೆಗೆ ಸೆಳೆಯುತ್ತದೆ.

ಮಲ್ಪೆಯ ಕಲ್ಲುಕಂಬಗಳು

ನಮ್ಮ ಫಲಕದ ವೃತ್ತಾಂತದ ಒಂದು ಪುಟವನ್ನು ಓದಲು ದೂರ ಹೋಗಬೇಕಾದುದಿಲ್ಲ. ಉಡುಪಿಯ ಬಳಿಯ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಗಳಿಗೆ ವಿಹಾರ ಹೋದವರು ಅಲ್ಲಿನ ಕಲ್ಲುಕಂಬಗಳನ್ನು ನೋಡಿಯೇ ಇರುತ್ತಾರೆ. ಶಿಲ್ಪಿಯೊಬ್ಬ ಉಳಿ ಹಿಡಿದು ಕಡೆದನೋ ಎಂಬಂತೆ ಐದು ಮೂಲೆ, ಆರು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಇವು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ ಉಕ್ಕಿ ತಣಿದ ಲಾವಾ. ಗೊಂಡ್ವಾನ ಎಂಬ ಮಹಾಖಂಡ (ಈ ಹೆಸರೂ ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದಲೇ ಬಂದುದು) ಒಡೆಯುತ್ತಿದ್ದ ಕಾಲವದು. ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಆಗ ಕಳಚಿಕೊಂಡು ಹಿಂದೆ ಉಳಿಯಿತು. ಆ ಅಗಲಿಕೆಯ ಸಮಯದಲ್ಲಿ ಹೊಮ್ಮಿದ ಲಾವಾವೇ ಇಂದು ನಮ್ಮ ಮಕ್ಕಳು ಹತ್ತಿ ಕುಣಿಯುವ ಕಂಬಗಳಾಗಿವೆ.

ಒಂಟಿಯಾದ ಭಾರತ ಉತ್ತರಾಭಿಮುಖವಾಗಿ ಹೊರಟಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಕ್ಕೆ ಡಿಕ್ಕಿ ಹೊಡೆಯಿತು. ಆ ಡಿಕ್ಕಿಯಲ್ಲಿ ಮಡಿಕೆಬಿದ್ದ ನೆಲವೇ ಹಿಮಾಲಯ. ಡಿಕ್ಕಿ ಇನ್ನೂ ಮುಗಿದಿಲ್ಲ. 2005ರ ಕಾಶ್ಮೀರದ ಭೂಕಂಪವೂ 2015ರ ನೇಪಾಳದ ಭೂಕಂಪವೂ ಅದರ ಮುಂದುವರಿಕೆಯೇ.

ಹಿಮಾಲಯದ ಕಥೆಯನ್ನು ಬಲ್ಲವರು ಬಹಳ ಮಂದಿ. ಪೂರ್ವದ ಅಂಚಿನ ಕಥೆ ಅಷ್ಟು ಪ್ರಸಿದ್ಧವಲ್ಲ. ಅರಬ್ಬೀ ಸಮುದ್ರದ ಆಳದಲ್ಲಿ ಕಾರ್ಲ್ಸ್‌ಬರ್ಗ್ ಸಾಲು ಎಂಬ ಪರ್ವತಶ್ರೇಣಿಯಿದೆ. (ಡೆನ್ಮಾರ್ಕಿನ ಬೀರು ತಯಾರಕರ ದತ್ತಿಯ ಹಣದಿಂದ ನಡೆದ ಸಂಶೋಧನೆಯ ನೆನಪಿಗೆ ಆ ಹೆಸರು. ವಿಜ್ಞಾನಕ್ಕೆ ಎಲ್ಲೆಲ್ಲಿಂದಲೋ ಉಪಕಾರವಾಗುತ್ತದೆ!) ಅಲ್ಲಿ ನಮ್ಮ ಫಲಕಕ್ಕೆ ಹೊಸ ತಳ ಸೇರುತ್ತಲೇ ಇದೆ. ಒಂದು ಅಂಚಿನಲ್ಲಿ ಹುಟ್ಟುತ್ತ ಹೋದರೆ ಇನ್ನೊಂದು ಅಂಚಿನಲ್ಲಿ ಅಳಿಯಲೇಬೇಕಷ್ಟೆ? ಹಾಗೆ ಅಳಿಯುವ ಸ್ಥಳಗಳಲ್ಲೊಂದು ಅಂಡಮಾನ್ ನಿಕೋಬಾರಿನ ಪಶ್ಚಿಮದ ಆಳವಾದ ಕಡಲಕಂದರ. ಅಲ್ಲಿ ಭಾರತದ ಫಲಕ ತಲೆಬಾಗಿಸಿ, ಬರ್ಮಾ ಫಲಕವೆಂಬ ಸಣ್ಣ ಹಲಗೆಯ ಅಡಿಗೆ ನುಸುಳುತ್ತದೆ. ದ್ವೀಪಗಳಿರುವುದು ಆ ಮೇಲಿನ ಹಲಗೆಯ ಅಂಚಿನ ಮೇಲೆ. ಬೆಂಗಳೂರು, ಧಾರವಾಡ, ಮಂಗಳೂರುಗಳೆಲ್ಲ ಇರುವುದು ನುಸುಳುವ ಫಲಕದ ಮೇಲೆ.

ಬಿದಿರಿನ ದಬ್ಬೆ

ಭಾರತದ ಫಲಕದ ನಡಿಗೆ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರು. ನಮ್ಮ ಉಗುರು ಬೆಳೆಯುವ ವೇಗಕ್ಕಿಂತ ತುಸು ಹೆಚ್ಚು, ಅಷ್ಟೆ. ಈ ಆಮೆನಡಿಗೆಯಿಂದ ಲಕ್ಷಾಂತರ ಜನರ ಪ್ರಾಣಕ್ಕೆ ಎರವಾಗುವುದೆಂತು?

ನಡಿಗೆ ನಿಲ್ಲದೆ ಸಾಗುತ್ತಿದ್ದರೆ ಯಾರಿಗೂ ತೊಂದರೆಯಿಲ್ಲ. ಎರಡು ಫಲಕಗಳು ಒಂದರ ಮೇಲೊಂದು ಉಜ್ಜುವ ಜಾಗದಲ್ಲಿ ಕಲ್ಲು ಕಲ್ಲಿಗೆ ಕಚ್ಚಿಕೊಳ್ಳುತ್ತದೆ. ಕೆಳಗಿನದು ಇಳಿಯುತ್ತಿದ್ದಂತೆ ಮೇಲಿನದರ ಅಂಚನ್ನೂ ತನ್ನೊಡನೆ ಕೆಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಬಿದಿರಿನ ದಬ್ಬೆಯ ತುದಿಯನ್ನು ಹಿಡಿದು ಕೆಳಕ್ಕೂ ಒಳಕ್ಕೂ ಒತ್ತಿ ನೋಡಿ. ತುದಿ ಬಾಗುತ್ತದೆ, ಅದರ ಹಿಂದಿನ ಭಾಗ ಕಮಾನಿನಂತೆ ಉಬ್ಬುತ್ತದೆ. ಕೈ ಬಿಟ್ಟೊಡನೆ ತುದಿ ಮೇಲಕ್ಕೆ ಚಿಮ್ಮುತ್ತದೆ, ಉಬ್ಬಿದ್ದ ಭಾಗ ತಗ್ಗುತ್ತದೆ. ನೂರಾರು ವರ್ಷ ಹಾಗೆ ಬಾಗಿದ್ದ ದಬ್ಬೆ 2004ರ ಆ ಭಾನುವಾರ ಬೆಳಗ್ಗೆ 6 ಗಂಟೆ 28 ನಿಮಿಷಕ್ಕೆ ಕೈತಪ್ಪಿತು.

ಮೊದಲು ಕಳಚಿದ್ದು ಸುಮಾತ್ರದ ವಾಯವ್ಯ ಕರಾವಳಿಯಾಚೆ. ಅಲ್ಲಿಂದ ಸೀಳು ಸೆಕೆಂಡಿಗೆ ಸುಮಾರು ಎರಡೂವರೆ ಕಿಲೋಮೀಟರಿನಂತೆ ಉತ್ತರಕ್ಕೆ ಓಡಿತು. ಸೀರೆಯ ಅಂಚು ಹರಿದಂತೆ 1,300 ಕಿಲೋಮೀಟರು ಹರಿದುಕೊಂಡು ಅಂಡಮಾನಿನ ತನಕ ಬಂದು ನಿಂತಿತು. ಇಷ್ಟಕ್ಕೆ ಹಿಡಿದ ಕಾಲ ಎಂಟು-ಹತ್ತು ನಿಮಿಷ. ಕೆಲವೆಡೆ ಫಲಕಗಳು ಒಂದರ ಮೇಲೊಂದು ಹದಿನೈದು ಮೀಟರಿಗೂ ಹೆಚ್ಚು ಜಾರಿದವು. ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ಕೂಡಿಟ್ಟ ಹಲವು ಶತಮಾನಗಳ ಬಾಕಿ ಒಂದೇ ಸಲಕ್ಕೆ ಚುಕ್ತಾ ಆಯಿತೆನ್ನಬಹುದು. ಭೂಕಂಪದ ಪ್ರಮಾಣ 9.1.

ದಬ್ಬೆಯ ತುದಿಯ ಕಡೆಗಿದ್ದ ಅಂಡಮಾನಿನ ವಾಯವ್ಯ ತೀರ, ಇಂಟರ್‌ವ್ಯೂ ದ್ವೀಪ, ನಾರ್ತ್ ಸೆಂಟಿನೆಲ್ ದ್ವೀಪಗಳು ಮೇಲೆದ್ದವು. ಹಿಂದಿನ ಉಬ್ಬಿನ ಮೇಲಿದ್ದ ನಿಕೋಬಾರಿನ ದ್ವೀಪಗಳು ತಗ್ಗಿದವು. ಈಗ ಶ್ರೀ ವಿಜಯಪುರಂ ಎಂದು ಹೆಸರು ಪಡೆದಿರುವ ಪೋರ್ಟ್ ಬ್ಲೇರ್ ಕೂಡ ತಗ್ಗುವ ಪಟ್ಟಿಯಲ್ಲೇ ಇದ್ದುದರಿಂದ ಸುಮಾರು ಒಂದು ಮೀಟರು ಕೆಳಗಿಳಿಯಿತು. ಅದರ ಸಮೀಪದ ಸಿಪ್ಪಿಘಾಟಿನಲ್ಲಿ ಬತ್ತ ಬೆಳೆಯುತ್ತಿದ್ದ ಗದ್ದೆಗಳಿಗೆ ಉಬ್ಬರದ ಉಪ್ಪುನೀರು ನುಗ್ಗಿತು. ಗದ್ದೆ ಮತ್ತೆ ಗದ್ದೆಯಾಗಲಿಲ್ಲ. ಇಂದು ಅಲ್ಲಿ ನೀರುಹಕ್ಕಿಗಳನ್ನು ನೋಡಲು ದುರ್ಬೀನು ಹಿಡಿದವರು ಹೋಗುತ್ತಾರೆ.

ಮೇಲಿನ ಫಲಕದ ಅಂಚು ಚಿಮ್ಮಿದಾಗ ಅದರ ಮೇಲಿದ್ದ ಕಡಲೂ ಮೇಲಕ್ಕೆದ್ದಿತು. ಅದೇ ಸುನಾಮಿ. ನಡುಗಡಲಿನಲ್ಲಿ ಅದರ ಎತ್ತರ ಅಷ್ಟೇನೂ ಇರಲಿಲ್ಲ. ಎರಡು ಗಂಟೆಗಳ ನಂತರ ಮೇಲೆ ಹಾದುಹೋದ ಒಂದು ಉಪಗ್ರಹ ಅಳೆದಾಗ ಅರುವತ್ತು ಸೆಂಟಿಮೀಟರಿನಷ್ಟು. ಹಡಗಿನಲ್ಲಿದ್ದವರಿಗೆ ತಿಳಿಯುವಂತೆಯೇ ಇರಲಿಲ್ಲ. ಆದರೆ ಅದರ ವೇಗ ಗಂಟೆಗೆ ಏಳುನೂರು ಕಿಲೋಮೀಟರಿಗೂ ಮೇಲೆ, ವಿಮಾನದ ವೇಗ! ನೀರು ಆಳ ಕಳೆದುಕೊಂಡಂತೆ ಅಲೆಯ ವೇಗ ತಗ್ಗಿ ಎತ್ತರ ಬೆಳೆಯುತ್ತದೆ. ಸುಮಾತ್ರದ ಅಚೆ ಪ್ರಾಂತದ ಕೆಲವೆಡೆ ಅದು ಮೂವತ್ತು ಮೀಟರಿನಷ್ಟು ಎತ್ತರಕ್ಕೆ ಏರಿತು. ಅಂದು ಹದಿನಾಲ್ಕು ದೇಶಗಳಲ್ಲಿ ಅಳಿದವರು ಎರಡು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರ ಮಂದಿ. ಅಂಡಮಾನ್ ನಿಕೋಬಾರಿನಲ್ಲಿ ಸತ್ತವರೂ ಕಾಣೆಯಾದವರೂ ಸೇರಿ ಮೂರು ಸಾವಿರಕ್ಕೂ ಮಿಗಿಲು. ಕಾರ್ ನಿಕೋಬಾರಿನ ವಾಯುನೆಲೆಯಲ್ಲಿ ಯೋಧರು, ಅವರ ಮಡದಿ ಮಕ್ಕಳು ಎಂದು ನೂರಕ್ಕೂ ಹೆಚ್ಚು ಜೀವಗಳು ಹೋದವು. ಗ್ರೇಟ್ ನಿಕೋಬಾರಿನ ದಂಡೆಯಲ್ಲಿ ಕಡಲಾಮೆಗಳ ಅಧ್ಯಯನಕ್ಕೆಂದು ಬೀಡುಬಿಟ್ಟಿದ್ದ ಸಂಶೋಧಕರೂ ಹಿಂದಿರುಗಲಿಲ್ಲ.

ನಿಕೋಬಾರಿಗಳ ಬಾಳಿನ ಆಧಾರ ತೆಂಗು. ತುಹೆಟ್ ಎಂದು ಕರೆಯುವ ಅವರ ದೊಡ್ಡ ಅವಿಭಕ್ತ ಕುಟುಂಬಗಳು ತೋಟಗಳನ್ನು ಒಟ್ಟಾಗಿ ಅನುಭವಿಸುತ್ತಿದ್ದವು. ಊರುಗಳಿದ್ದುದೂ ತೋಟಗಳಿದ್ದುದೂ ದಂಡೆಯ ಉದ್ದಕ್ಕೆ. ಅಲೆ ಊರನ್ನು ಒಯ್ದಿತು. ಕುಸಿದ ನೆಲ ತೋಟಗಳನ್ನು ಕಡಲಿಗೆ ಕೊಟ್ಟಿತು. ಬದುಕುಳಿದವರು ಒಳನಾಡಿಗೆ ಸರಿದು ತಗಡಿನ ಆಸರೆಗಳಲ್ಲಿ ಕಾಲ ಕಳೆಯಬೇಕಾಯಿತು. ಅಲೆಯಿಂದ ಹಾಳಾದ ಹೊಲವನ್ನು ಮತ್ತೆ ಹಸನು ಮಾಡಬಹುದು, ನೆಲವೇ ಇಲ್ಲದಾದರೆ?

ಹವಳ, ಕಾಂಡ್ಲಾ, ಹಕ್ಕಿ

ಮನುಷ್ಯರ ನಷ್ಟದ ಲೆಕ್ಕ ಸರ್ಕಾರದ ಕಡತಗಳಲ್ಲಿದೆ. ಉಳಿದ ಜೀವರಾಶಿಯ ಪಾಡೇನಾಯಿತು?

ಹವಳದ ಹುಳು ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಮೃದುಜೀವಿ. ಇಳಿತದ ವೇಳೆ ಸ್ವಲ್ಪ ಹೊತ್ತು ಗಾಳಿಗೆ ತೆರೆದುಕೊಂಡರೆ ಸಹಿಸೀತು. ಮತ್ತೆ ನೀರು ಬಾರದಿದ್ದರೆ ಸಾಯುತ್ತದೆ. ಅಂಡಮಾನಿನ ವಾಯವ್ಯದಲ್ಲಿ ನೆಲ ಒಂದು ಮೀಟರು, ಒಂದೂವರೆ ಮೀಟರು ಮೇಲೆದ್ದಾಗ ವಿಶಾಲವಾದ ಹವಳದ ಬಯಲುಗಳು ಶಾಶ್ವತವಾಗಿ ಒಣಗಿದವು. 2005ರ ಮಾರ್ಚ್ 28ರಂದು ಸುಮಾತ್ರದ ನಿಯಾಸ್ ದ್ವೀಪದ ಬಳಿ ಇನ್ನೊಂದು ಮಹಾಕಂಪನವಾದಾಗ ಅಲ್ಲಿಯೂ ಇದೇ ಗತಿ. ಸತ್ತ ಹವಳ ವಿಜ್ಞಾನಿಗಳಿಗೆ ಪಂಚಾಂಗವಾಗಿ ಉಪಯೋಗಕ್ಕೆ ಬಂತೆಂಬುದು ಬೇರೆ ಮಾತು. ಮರದ ಕಾಂಡದಂತೆ ಹವಳಕ್ಕೂ ವರ್ಷವರ್ಷದ ಬಳೆಗಳುಂಟು. ನೀರಿನ ಮಟ್ಟಕ್ಕಿಂತ ಮೇಲೆ ಅದು ಬೆಳೆಯಲಾರದು. ಆದ್ದರಿಂದ ಹಳೆಯ ಹವಳವನ್ನು ಕೊಯ್ದು ಬಳೆಗಳನ್ನೆಣಿಸಿದರೆ ಆ ನೆಲ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದನ್ನು ಹೇಳಬಹುದು.

ಕಾಂಡ್ಲಾ ಕಾಡಿನ ವಿಚಾರವೂ ಹೀಗೆಯೇ. ಅಘನಾಶಿನಿಯ ಅಳಿವೆಯನ್ನು ಕಂಡವರಿಗೆ ಕಾಂಡ್ಲಾ ಗಿಡದ ಪರಿಚಯವಿದೆ. ಕೆಸರಿನಿಂದ ಮೇಲಕ್ಕೆ ಚಾಚಿದ ಉಸಿರುಬೇರುಗಳ ಮೂಲಕ ಅದು ಗಾಳಿಯನ್ನು ಹೀರುತ್ತದೆ. ಉಬ್ಬರ ಬರಬೇಕು, ಇಳಿತವೂ ಆಗಬೇಕು. ಅದಕ್ಕೆ ಬೇಕಾದುದು ಎರಡರ ನಡುವಣ ಕಿರಿದಾದ ಪಟ್ಟಿ ಮಾತ್ರ. ಅಂಡಮಾನಿನ ಎದ್ದ ನೆಲದಲ್ಲಿ ಉಬ್ಬರ ತಲುಪದೆ ಕಾಂಡ್ಲಾ ಒಣಗಿತು. ನಿಕೋಬಾರಿನ ಕುಸಿದ ನೆಲದಲ್ಲಿ ಇಳಿತವೇ ಆಗದೆ ಉಸಿರುಗಟ್ಟಿತು. ನಿಕೋಬಾರಿನ ಕಾಂಡ್ಲಾ ಕಾಡುಗಳ ಬಹುಪಾಲು ನಾಶವಾಯಿತು. ಆದರೆ ನಿನ್ನೆಯವರೆಗೆ ತೆಂಗಿನ ತೋಟವೋ ಸಿಹಿನೀರಿನ ಜೌಗೋ ಆಗಿದ್ದ ಒಳನೆಲಕ್ಕೆ ಈಗ ಉಬ್ಬರ ಬರತೊಡಗಿತ್ತು. ತೇಲಿಬಂದ ಕಾಂಡ್ಲಾ ಮೊಳಕೆಗಳು ಅಲ್ಲಿ ಬೇರೂರಿದವು. ಕಡಲು ತನ್ನ ಗೆರೆಯನ್ನು ಸರಿಸಿತು. ಕಾಡೂ ಗೆರೆಯ ಹಿಂದೆಯೇ ಒಳಗೆ ನಡೆಯಿತು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ನಿಕೋಬಾರಿನ ಮೆಗಪೋಡ್ ಎಂಬ ಹಕ್ಕಿ. ಗಾತ್ರದಲ್ಲಿ ಊರಕೋಳಿಯಷ್ಟು, ಬಣ್ಣ ಕಂದು, ಕಾಲು ಮಾತ್ರ ದೊಡ್ಡದು. ಈ ಹಕ್ಕಿ ಕಾವು ಕೂರುವುದೇ ಇಲ್ಲ! ಮರಳು, ತರಗೆಲೆ, ಮಣ್ಣನ್ನು ಕಾಲಿನಿಂದ ಕೆದರಿ ಕೆದರಿ ಆಳೆತ್ತರಕ್ಕೂ ಸಮೀಪಿಸಬಲ್ಲ ದಿಬ್ಬವನ್ನು ಮಾಡಿ, ಅದರೊಳಗೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಕೊಳೆಯುವ ಎಲೆಯ ಬಿಸಿಯೇ ಕಾವು. ಮರಿ ತಾನೇ ದಿಬ್ಬವನ್ನು ತೋಡಿಕೊಂಡು ಹೊರಬಂದು, ತಂದೆತಾಯಿಯ ಮುಖ ನೋಡದೆ ತನ್ನ ಪಾಡಿಗೆ ಹೊರಟುಹೋಗುತ್ತದೆ. ಇದರ ನೆಂಟರಿಷ್ಟರೆಲ್ಲ ಇರುವುದು ಸಾವಿರಾರು ಕಿಲೋಮೀಟರು ಪೂರ್ವದಲ್ಲಿ, ಫಿಲಿಪ್ಪೀನ್ಸ್, ಸುಲಾವೇಸಿ, ಆಸ್ಟ್ರೇಲಿಯಗಳಲ್ಲಿ. ನಿಕೋಬಾರಿನದು ಪಶ್ಚಿಮದಲ್ಲಿ ಉಳಿದ ಒಂಟಿ ಮನೆತನ.

ಇದರ ದಿಬ್ಬಗಳು ಬಹುತೇಕ ಕಡಲದಂಡೆಯಿಂದ ಕೂಗಳತೆಯ ದೂರದಲ್ಲಿರುತ್ತಿದ್ದವು. ಸುನಾಮಿ ಅವನ್ನು ಗುಡಿಸಿಹಾಕಿತು. ಮರುವರ್ಷಗಳಲ್ಲಿ ಎಣಿಸಿದವರಿಗೆ ಮೊದಲಿದ್ದುದರ ಮೂರನೆಯ ಒಂದು ಭಾಗದಷ್ಟು ಹಕ್ಕಿಗಳು ಕಂಡರೆ ಹೆಚ್ಚು. ಆದರೂ ವಂಶ ಅಳಿಯಲಿಲ್ಲ. ಹೊಸ ದಂಡೆಯ ಹಿಂದೆ ಹೊಸ ದಿಬ್ಬಗಳು ಎದ್ದವು.

ಬೆಂಕಿಯ ದ್ವೀಪದ ಮಂಗಟ್ಟೆ

ಕೆಳಗಿಳಿದ ಫಲಕ ಎಲ್ಲಿಗೆ ಹೋಗುತ್ತದೆ? ಸಾಗರತಳದ ಕಲ್ಲು ತನ್ನೊಳಗೆ ನೀರನ್ನು ಹೊತ್ತುಕೊಂಡೇ ಇಳಿಯುತ್ತದೆ. ಸುಮಾರು ನೂರು ಕಿಲೋಮೀಟರು ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಆ ನೀರು ಕಲ್ಲನ್ನು ಬಿಟ್ಟು ಮೇಲಿನ ಬಿಸಿಶಿಲೆಗೆ ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಶಾಖಕ್ಕೇ ಕರಗುತ್ತದೆ. ಕರಗಿದ ಶಿಲೆ ಮೇಲೇರಿ ಅಗ್ನಿಪರ್ವತವಾಗುತ್ತದೆ. ಬೆಂಕಿಯ ಬೆಟ್ಟಕ್ಕೆ ನೀರೇ ಮೂಲವೆಂದರೆ ವಿಚಿತ್ರವೆನಿಸುತ್ತದೆಯಲ್ಲವೆ?

ಭಾರತದಲ್ಲಿ ಎಚ್ಚೆತ್ತಿರುವ ಅಗ್ನಿಪರ್ವತ ಒಂದೇ: ಶ್ರೀ ವಿಜಯಪುರಂಗೆ ಈಶಾನ್ಯದಲ್ಲಿ ಸುಮಾರು 140 ಕಿಲೋಮೀಟರು ದೂರದ ಬ್ಯಾರನ್ ದ್ವೀಪ. 1787ರಿಂದ 1832ರವರೆಗೆ ಆಗಾಗ ಬೆಂಕಿಯುಗುಳಿ ಮಲಗಿದ ಈ ಬೆಟ್ಟ 1991ರಲ್ಲಿ ಕಣ್ಣು ತೆರೆಯಿತು. ಆಮೇಲೆ ಪದೇ ಪದೇ ಎದ್ದಿದೆ. 2005ರ ಮೇ ತಿಂಗಳಿನಲ್ಲಿಯೂ ಉಗುಳಿತು.

ಅದರ ಉತ್ತರಕ್ಕೆ ನಾರ್ಕೊಂಡಂ ಎಂಬ ಇನ್ನೊಂದು ಬೆಟ್ಟದ್ವೀಪವಿದೆ. ಇದರ ಬೆಂಕಿ ಆರಿ ಬಹುಕಾಲವಾಗಿದೆ; ನೆತ್ತಿಯ ತನಕ ದಟ್ಟವಾದ ಕಾಡು ಬೆಳೆದಿದೆ. ದ್ವೀಪದ ವಿಸ್ತೀರ್ಣ ಬರಿಯ ಏಳು ಚದರ ಕಿಲೋಮೀಟರು, ನಮ್ಮ ಊರುಗಳ ಒಂದೆರಡು ಬಡಾವಣೆಗಳಷ್ಟು. ಅಲ್ಲೊಂದು ಮಂಗಟ್ಟೆ ಹಕ್ಕಿಯಿದೆ. ದಾಂಡೇಲಿಯ ಕಾಡಿನ ಮಂಗಟ್ಟೆಯ ದೂರದ ದಾಯಾದಿ. ಜಗತ್ತಿನಲ್ಲಿ ಇನ್ನೆಲ್ಲಿಯೂ ಈ ಜಾತಿ ಇಲ್ಲ. ಭಾರತದ ಫಲಕ ಇಳಿಯದಿದ್ದರೆ ಬೆಂಕಿಯಿಲ್ಲ, ಬೆಂಕಿಯಿಲ್ಲದೆ ದ್ವೀಪವಿಲ್ಲ, ದ್ವೀಪವಿಲ್ಲದೆ ಆ ಮಂಗಟ್ಟೆಯಿಲ್ಲ. ಇಂದಿರಾ ಪಾಯಿಂಟನ್ನು ಮುಳುಗಿಸಿದ ಚಲನೆಯೇ ಅದನ್ನೂ ಸಾಕಿದೆ.

ನೆನಪಿನ ಬೆಲೆ

ಭೂಕಂಪದ ಮೂಲಕ್ಕೆ ಅತಿ ಸಮೀಪದಲ್ಲಿ ಸಿಮೆಲುವೆ ಎಂಬ ಇಂಡೊನೇಷ್ಯದ ದ್ವೀಪವಿದೆ. ಅಂದು ಅಲ್ಲಿದ್ದ ಜನ ಸುಮಾರು 78,000. ಸತ್ತವರು ಏಳೇ ಮಂದಿ. ಯಂತ್ರವಿರಲಿಲ್ಲ, ಆಕಾಶವಾಣಿಯ ಎಚ್ಚರಿಕೆಯಿರಲಿಲ್ಲ. ಅವರಲ್ಲಿದ್ದದ್ದು ‘ಸ್ಮೊಂಗ್’ ಎಂಬ ಒಂದೇ ಒಂದು ಮಾತು. 1907ರಲ್ಲಿ ಅಲ್ಲಿ ಸುನಾಮಿ ಬಂದು ಅಪಾರ ಜನಹಾನಿಯಾಗಿತ್ತು. ಅಂದಿನಿಂದ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯಲ್ಲಿ, ಹಾಡಿನಲ್ಲಿ ಹೇಳುತ್ತ ಬಂದರು: ಭೂಮಿ ಬಲವಾಗಿ ನಡುಗಿತೇ, ಕಡಲು ಹಿಂದೆ ಸರಿಯಿತೇ, ಗುಡ್ಡಕ್ಕೆ ಓಡು. 97 ವರ್ಷಗಳ ಬಳಿಕ ‘ಸ್ಮೊಂಗ್! ಸ್ಮೊಂಗ್!’ ಎಂಬ ಕೂಗು ಕೇಳಿ ಊರಿಗೆ ಊರೇ ಗುಡ್ಡ ಹತ್ತಿತು.

ಲಿಟ್ಲ್ ಅಂಡಮಾನಿನ ಒಂಗಿಗಳು ನೂರರ ಆಸುಪಾಸಿನ ಒಂದು ಸಣ್ಣ ಸಮುದಾಯ. ಅವರೂ ಎತ್ತರದ ನೆಲಕ್ಕೆ ಸರಿದು ಉಳಿದರು. ನಾರ್ತ್ ಸೆಂಟಿನೆಲ್ ದ್ವೀಪದವರು ಬದುಕಿರುವರೋ ಇಲ್ಲವೋ ನೋಡಿಬರಲು ಎರಡು ದಿನಗಳ ನಂತರ ಕರಾವಳಿ ಕಾವಲುಪಡೆಯ ಹೆಲಿಕಾಪ್ಟರು ಹೋಯಿತು. ದಂಡೆಗೆ ಓಡಿಬಂದ ಒಬ್ಬಾತ ಅದರತ್ತ ಬಿಲ್ಲೆತ್ತಿ ಬಾಣ ಹೂಡಿದ. ಕ್ಷೇಮ ಸಮಾಚಾರಕ್ಕೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ!

ನಮ್ಮ ಬಹುಪಾಲು ಕರಾವಳಿಗೆ ಅಂಥ ನೆನಪಿರಲಿಲ್ಲ. ಮಹಾಕಂಪನಗಳಿಗೆ ನಿಯತವಾದ ಕಾಲವೆಂಬುದೂ ಇಲ್ಲ. ಸುಮಾತ್ರದ ಅಚೆ ತೀರದ ಒಂದು ಗವಿಯಲ್ಲಿ ಬಾವಲಿಗಳ ಹಿಕ್ಕೆಯೂ, ಸುನಾಮಿಗಳು ತಂದು ಸುರಿದ ಮರಳೂ ಒಂದರ ಮೇಲೊಂದು ಪದರಗಳಾಗಿ ಉಳಿದಿವೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸುಮಾರು 7,400ರಿಂದ 2,900 ವರ್ಷಗಳ ಹಿಂದಿನ ಅವಧಿಯಲ್ಲಿ ಅಲ್ಲಿಗೆ ಹನ್ನೊಂದು ಸುನಾಮಿಗಳಾದರೂ ನುಗ್ಗಿವೆ. ಒಮ್ಮೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ನಿಶ್ಶಬ್ದ. ಇನ್ನೊಮ್ಮೆ ಒಂದೇ ಶತಮಾನದೊಳಗೆ ನಾಲ್ಕು. ‘ಈಗ ತಾನೇ ಆಗಿಹೋಯಿತಲ್ಲ, ಇನ್ನು ನಮ್ಮ ಕಾಲಕ್ಕೆ ಚಿಂತೆಯಿಲ್ಲ’ ಎನ್ನುವವರು ಆ ಮರಳಿನ ಪದರಗಳನ್ನೊಮ್ಮೆ ನೆನೆಯಬೇಕು.

ಕನ್ನಡಿಗರಿಗೂ ಒಂದು ಸೂಚನೆ ಸಿಕ್ಕಿತ್ತು. 2012ರ ಏಪ್ರಿಲ್ 11ರ ಮಧ್ಯಾಹ್ನ ಬೆಂಗಳೂರಿನ ಹಲವು ಕಚೇರಿಗಳಲ್ಲಿ ಮೇಜು ಕುರ್ಚಿಗಳು ಅಲುಗಾಡಿ, ಜನ ಮೆಟ್ಟಿಲಿಳಿದು ಬೀದಿಗೆ ಬಂದು ನಿಂತರು. ಸುಮಾತ್ರದ ಪಶ್ಚಿಮದಲ್ಲಿ 8.6 ಪ್ರಮಾಣದ ಭೂಕಂಪವಾಗಿತ್ತು. ಎರಡು ಗಂಟೆಗಳ ಮೇಲೆ 8.2ರದು ಇನ್ನೊಂದು. ಈ ಬಾರಿ ಕಂದರದಲ್ಲಿ ಅಲ್ಲ, ಇಳಿಯುವ ಫಲಕದ ಒಡಲಿನಲ್ಲಿಯೇ ಕಲ್ಲು ಅಕ್ಕಪಕ್ಕಕ್ಕೆ ಜಾರಿತ್ತು. ಕಡಲತಳ ಮೇಲೇಳದಿದ್ದುದರಿಂದ ದೊಡ್ಡ ಅಲೆ ಬರಲಿಲ್ಲ. ಭಾರತವನ್ನೂ ಆಸ್ಟ್ರೇಲಿಯವನ್ನೂ ಹೊತ್ತ ಫಲಕ ಮೆಲ್ಲಮೆಲ್ಲನೆ ಎರಡಾಗಿ ಹರಿಯುತ್ತಿರುವುದರ ಗುರುತಿದು ಎಂದು ಭೂವಿಜ್ಞಾನಿಗಳು ಹೇಳುತ್ತಾರೆ.

2007ರಿಂದ ಹೈದರಾಬಾದಿನಲ್ಲಿ ಸುನಾಮಿ ಎಚ್ಚರಿಕೆಯ ಕೇಂದ್ರವೊಂದು ಹಗಲಿರುಳೂ ಕೆಲಸ ಮಾಡುತ್ತಿದೆ. ಕಡಲತಳದಲ್ಲಿಟ್ಟ ಒತ್ತಡಮಾಪಕಗಳೂ, ನೀರಿನ ಮೇಲೆ ತೇಲುವ ಬುರುಡೆಗಳೂ ಅದಕ್ಕೆ ಸುದ್ದಿ ಕಳುಹಿಸುತ್ತವೆ. ಚೆನ್ನೈ, ನಾಗಪಟ್ಟಿಣಗಳಿಗೆ ಎರಡು ಗಂಟೆಗಳ ಬಿಡುವು ದೊರೆಯುತ್ತದೆ; ಅದು ಸಾಕಷ್ಟಾಯಿತು. ಗ್ರೇಟ್ ನಿಕೋಬಾರಿಗಾದರೋ ಅಲೆ ಅರ್ಧ ಗಂಟೆಯೊಳಗೇ ಬಂದೀತು. ಅಲ್ಲಿಯವರಿಗೆ ನಡುಗುವ ನೆಲವೇ ಮೊದಲ ತಂತಿವಾರ್ತೆ.

ಗ್ರೇಟ್ ನಿಕೋಬಾರಿನ ಆಗ್ನೇಯದಲ್ಲಿ ಗಲಾತಿಯಾ ಕೊಲ್ಲಿಯಿದೆ. ಜಗತ್ತಿನ ಅತಿ ದೊಡ್ಡ ಕಡಲಾಮೆಯಾದ ತೊಗಲುಬೆನ್ನಿನ ಆಮೆ ಮೊಟ್ಟೆಯಿಡಲು ದಡವೇರುವ ತಾಣಗಳಲ್ಲಿ ಅದೊಂದು. 2004ರಲ್ಲಿ ಆ ದಂಡೆಯೂ ಕಡಲುಪಾಲಾಯಿತು. ಆಮೆಗಳ ಕಥೆ ಮುಗಿಯಿತೆಂದೇ ಬಲ್ಲವರು ಭಾವಿಸಿದ್ದರು. ಅಲೆಗಳು ಕೆಲವು ವರ್ಷಗಳಲ್ಲಿ ಹೊಸ ಮರಳನ್ನು ತಂದು ಹಾಸಿದವು. ಆಮೆಗಳು ಮರಳಿ ಬಂದವು. ಅದೇ ಕೊಲ್ಲಿಯಲ್ಲಿ ಬೃಹತ್ ಬಂದರೊಂದನ್ನೂ, ದ್ವೀಪದಲ್ಲಿ ವಿಮಾನ ನಿಲ್ದಾಣವನ್ನೂ, ಹೊಸ ಪಟ್ಟಣವನ್ನೂ ಕಟ್ಟುವ ಯೋಜನೆಗೆ 2022ರ ನವೆಂಬರಿನಲ್ಲಿ ಪರಿಸರ ಅನುಮತಿ ದೊರಕಿತು. ಕೊಲ್ಲಿಗಿದ್ದ ಅಭಯಾರಣ್ಯದ ರಕ್ಷಣೆಯನ್ನು 2021ರಲ್ಲೇ ತೆಗೆದುಹಾಕಲಾಗಿತ್ತು. ದೇಶದ ವಾಣಿಜ್ಯಕ್ಕೆ, ರಕ್ಷಣೆಗೆ ಇದು ಅವಶ್ಯಕವೆಂಬುದು ಯೋಜಿಸಿದವರ ವಾದ. ಆ ವಾದವನ್ನು ತೂಗಿ ನೋಡುವ ಅಧಿಕಾರ ಈ ಲೇಖಕನಿಗಿಲ್ಲ. ಒಂದನ್ನು ಮಾತ್ರ ಕೇಳಬೇಕೆನಿಸುತ್ತದೆ. ಬಂದರಿನ ಕಟ್ಟೆ ಎಷ್ಟು ಎತ್ತರವಿರಬೇಕೆಂದು ಇಂಜಿನಿಯರು ಕಾಗದದ ಮೇಲೆ ಗೆರೆ ಎಳೆಯುವಾಗ, ಅಳತೆಯನ್ನು ಯಾವ ನೆಲದಿಂದ ಹಿಡಿಯುತ್ತಾನೆ: ಇಂದಿನ ನೆಲದಿಂದಲೋ, ನಾಲ್ಕು ಮೀಟರು ಕೆಳಗಿಳಿದ ನೆಲದಿಂದಲೋ? ಸಮೀಪದಲ್ಲೇ ದೀಪಸ್ತಂಭ ನಿಂತಿದೆ, ಬುಡವನ್ನು ಕಡಲಿನಲ್ಲಿಟ್ಟುಕೊಂಡು.